ಮಲಗಿದವರ ಕಣ್ಣೆದುರು

ಇಂಗ್ಲೆಂಡಿನ ಚಿಚೆಸ್ಟರ್‌ನಲ್ಲಿರುವ ಸೇಂಟ್ ಮೇರೀಸ್ ಹಾಸ್ಪಿಟಲ್ 13ನೇ ಶತಮಾನದ ಕೊನೆಯ ಕಟ್ಟಡ. ಹೆಸರು ಆಸ್ಪತ್ರೆಯಾದರೂ ಅದು ಬಡವರ, ರೋಗಿಗಳ ಧರ್ಮಛತ್ರ. ತಗ್ಗಿ ಇಳಿದ ಒಂದೇ ದೊಡ್ಡ ಸೂರು, ಮರದ ಕಂಬಗಳು, ಅವುಗಳ ಆಚೀಚೆ ಹಾಸಿಗೆಗಳು. ಪೂರ್ವದ ತುದಿಯಲ್ಲಿ ಪ್ರಾರ್ಥನಾಮಂದಿರ. ನಡುವೆ ಮರದ ಜಾಲರಿಯಷ್ಟೇ. ಏಳಲಾರದವರಿಗೂ ಪೂಜೆ ಕಾಣಲಿ, ಕೇಳಲಿ ಎಂದು. ಗುಣಪಡಿಸುವ ಔಷಧ ಆಗ ಕಡಿಮೆ. ಊಟ, ಬೆಚ್ಚನೆಯ ಜಾಗ, ಪ್ರಾರ್ಥನೆಗಳೇ ಆರೈಕೆ.

ಅದರ ನಕ್ಷೆ ನೋಡುವಾಗ ನನಗೆ ಅಪ್ಪನ ಐಸಿಯು ನೆನಪಾಯಿತು. ಔಷಧಕ್ಕೆ ಕೊರತೆಯಿರಲಿಲ್ಲ. ಆದರೆ ಕಣ್ಣೆದುರು ಬರೀ ಹಸಿರು ಪರದೆ. “ಬೆಳಗಾಯಿತಾ?” ಎಂದು ಮತ್ತೆ ಮತ್ತೆ ಕೇಳುತ್ತಿದ್ದರು.

ಚಿಚೆಸ್ಟರ್‌ನಲ್ಲಿ ಹಾಸಿಗೆಗಳಿದ್ದ ಕಡೆ 17ನೇ ಶತಮಾನದಲ್ಲಿ ಪುಟ್ಟ ಮನೆಗಳಾದವು. ಇಟ್ಟಿಗೆ ಚಿಮಣಿಗಳು ಸೂರು ದಾಟಿ ಎದ್ದವು. ಅಲ್ಲಿ ಈಗಲೂ ವೃದ್ಧರಿದ್ದಾರೆ. ಬಾಗಿಲು ತೆರೆದರೆ ನಾಲ್ಕು ಹೆಜ್ಜೆಯಲ್ಲಿ ಪ್ರಾರ್ಥನಾಮಂದಿರ.