ಕಾಲಡಿಯ ಬ್ಯಾಗು

ಸೂಟ್‌ಕೇಸಿಗೆ ಚಕ್ರ ಹಚ್ಚಿ ಪೇಟೆಂಟ್ ಪಡೆದ ಪುಣ್ಯಾತ್ಮನ ಹೆಸರು ಬರ್ನಾರ್ಡ್ ಸ್ಯಾಡೊ. 1970ರಲ್ಲಿ ಅರೂಬಾ ದ್ವೀಪದಿಂದ ಸಂಸಾರ ಸಮೇತ ಅಮೆರಿಕಕ್ಕೆ ಮರಳುತ್ತಿದ್ದ ಈತ, ಎರಡು ಭಾರಿ ಸೂಟ್‌ಕೇಸು ಹೊತ್ತು ಏದುಸಿರು ಬಿಡುತ್ತಿದ್ದಾಗ, ವಿಮಾನ ನಿಲ್ದಾಣದ ಕೆಲಸಗಾರನೊಬ್ಬ ದೊಡ್ಡ ಯಂತ್ರವನ್ನು ಚಕ್ರದ ಹಲಗೆಯ ಮೇಲಿಟ್ಟು ಸಲೀಸಾಗಿ ತಳ್ಳಿಕೊಂಡು ಹೋದದ್ದನ್ನು ಕಂಡ. ಸ್ಯಾಡೊ ಇದ್ದದ್ದೇ ಸೂಟ್‌ಕೇಸ್ ಕಂಪನಿಯಲ್ಲಿ. ನಾಲ್ಕು ಚಕ್ರ ಜೋಡಿಸಿ, ಎಳೆಯಲು ಪಟ್ಟಿ ಕಟ್ಟಿದ. 1972ರಲ್ಲಿ ಪೇಟೆಂಟ್ ಸಿಕ್ಕಿತು. ಅಂಗಡಿಯವರು ಮಾತ್ರ ಮೊದಮೊದಲು ಬೇಡವೆಂದರು. ಗಂಡಸಾದವನು ಸಾಮಾನು ಹೊರದೆ ಎಳೆದುಕೊಂಡು ಹೋಗುತ್ತಾನೆಯೇ ಎಂಬ ಜಂಬ! 1987ರಲ್ಲಿ ರಾಬರ್ಟ್ ಪ್ಲಾತ್ ಎಂಬ ಪೈಲಟ್ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಎರಡೇ ಚಕ್ರ, ಎಳೆದಷ್ಟು ಉದ್ದವಾಗುವ ಹಿಡಿ ಕೊಟ್ಟ. ವಿಮಾನದ ಸಿಬ್ಬಂದಿ ಎಳೆದುಕೊಂಡು ಹೋಗುವುದನ್ನು ನೋಡಿದ ಮೇಲೆ ಪ್ರಯಾಣಿಕರಿಗೂ ಅದೇ ಬೇಕಾಯಿತು.

ಇಬ್ಬರಿಗೂ ನಮಸ್ಕಾರ. ಆದರೆ ಇಬ್ಬರೂ ಸುಖ ಕೊಟ್ಟದ್ದು ನಡೆಯುವವರಿಗೆ. ನಿಲ್ದಾಣದಲ್ಲಿ ನಾವು ನಡೆಯುವುದು ಎಷ್ಟು ಹೊತ್ತು? ಏರ್ ಇಂಡಿಯಾ 2021ರ ಜನವರಿಯಲ್ಲಿ ಶುರುಮಾಡಿದ ಸ್ಯಾನ್ ಫ್ರಾನ್ಸಿಸ್ಕೊ-ಬೆಂಗಳೂರು ನೇರ ಹಾರಾಟ ಸುಮಾರು 17 ಗಂಟೆಯದಾಗಿತ್ತು. ಅಷ್ಟು ಹೊತ್ತು ಕೂರುವವರ ಬಗ್ಗೆ ಯೋಚಿಸಿದವರು ಕಡಿಮೆ.

ಬ್ಯಾಗನ್ನು ಮೇಲಿನ ಗೂಡಿಗೆ ತುರುಕಿದರೆ ಬಿಪಿ ಮಾತ್ರೆ, ಕನ್ನಡಕ, ಶಾಲು ಎಲ್ಲವೂ ಮೇಲೇ. ಪಕ್ಕದವರು ಬಾಯಿ ತೆರೆದು ನಿದ್ದೆಹೋಗಿರುತ್ತಾರೆ, ಎಬ್ಬಿಸಲು ಸಂಕೋಚ. ಕಾಲಡಿ ಇಟ್ಟುಕೊಂಡರೆ ಕಾಲಿಗೇ ಜಾಗವಿಲ್ಲ. ಕತ್ತಲಲ್ಲಿ ಬಗ್ಗಿ, ಬಾವಿಗೆ ಬಿದ್ದ ಬಿಂದಿಗೆಯನ್ನು ಪಾತಾಳಗರಡಿ ಬಿಟ್ಟು ಹುಡುಕಿದಂತೆ ಚಾರ್ಜರಿಗಾಗಿ ತಡಕಾಡಬೇಕು.

ಹಾಗಾಗಿ ನಾನೇ ಒಂದು ಬ್ಯಾಗು ಕಲ್ಪಿಸಿಕೊಂಡೆ. ಅದರ ಮುಖ್ಯ ಗುಣ, ವಿಮಾನ ಏರಿದ ಮೇಲೆ ಅದು ಸಣಕಲಾಗಬೇಕು. ವಿಮಾನದೊಳಗೆ ಚಳಿ; ಗಾಳಿಯಲ್ಲಿ ತೇವಾಂಶ ಬಹುಪಾಲು ಶೇ. 20ಕ್ಕಿಂತ ಕಡಿಮೆ. ಅಂದಮೇಲೆ ಬ್ಯಾಗಿನ ಮುಕ್ಕಾಲು ಭಾಗ ಶಾಲು, ಸ್ವೆಟರು, ಕಾಲುಚೀಲವೇ ಇರಲಿ. ಅವು ಮೈಮೇಲೆ ಬಂದೊಡನೆ ಬ್ಯಾಗು ಮುದುರಿ ಕಾಲಿಗೆ ಜಾಗ ಬಿಡುತ್ತದೆ. ತಳ ಮಾತ್ರ ಗಟ್ಟಿ ಇರಬೇಕು. ಸೀಟಿನಲ್ಲಿ ಕೂತರೆ ಪಾದ ನೆಲಕ್ಕೆ ಎಟುಕದ ನಮ್ಮ ಅತ್ತೆಯಂಥವರು ಅದನ್ನು ಅಡ್ಡ ಮಲಗಿಸಿ ಕಾಲಿಡಬಹುದು. ಗಾಳಿ ತುಂಬುವ ಕಾಲ್ಮಣೆಗಳು ಬಂದಿವೆ ನಿಜ, ಆದರೆ ಕೆಲವು ವಿಮಾನ ಕಂಪನಿಗಳು ಅವನ್ನು ಬಳಸಲು ಬಿಡುವುದಿಲ್ಲ. ಮಾತ್ರೆ, ಕನ್ನಡಕ, ಪವರ್ ಬ್ಯಾಂಕಿಗೆ ಬಿಚ್ಚಿ ತೆಗೆಯಬಹುದಾದ ತೆಳು ಚೀಲ. ನೀರಿನ ಬಾಟಲಿಗೆ ಹೊರಗೆ ಜೇಬು: 2006ರಿಂದೀಚೆಗೆ ಬಂದ 100 ಮಿಲಿಲೀಟರ್ ನಿಯಮದಿಂದಾಗಿ ಅದು ತಪಾಸಣೆಯವರೆಗೂ ಖಾಲಿ, ಆಮೇಲೆ ತುಂಬಿಸಿಕೊಳ್ಳುವುದು.

ನಕ್ಷೆ ಹಿಡಿದು ಬ್ಯಾಗ್ ರಿಪೇರಿಯವನ ಬಳಿ ಹೋದೆ. ಆತ ತಿರುಗಿಸಿ ಮುರುಗಿಸಿ ನೋಡಿದ.

"ಚಕ್ರ ಬೇಡ್ವಾ ಸಾರ್?"

"ಬೇಡಪ್ಪ, ಅದೇ ಅರ್ಧ ತೂಕ." ಕೈಸಾಮಾನಿಗೆ ಸಾಮಾನ್ಯವಾಗಿ ಸಿಗುವುದೇ ಏಳೆಂಟು ಕಿಲೋ.

"ಹಿಡಿ?"

"ಅದೂ ಬೇಡ."

"ಹಂಗಾದ್ರೆ ಇದು ಬಗಲಚೀಲ ಅಲ್ವಾ ಸಾರ್? ತಳಕ್ಕೆ ಒಂದು ರಟ್ಟು ಹಾಕಿ ಹೊಲಿದ್ರಾಯ್ತು. ಇದಕ್ಯಾಕೆ ನಕ್ಷೆ?"

ಹೊಲಿದುಕೊಟ್ಟ. ಅತ್ತೆಯವರು ಅದನ್ನೇ ಒಯ್ದರು, ಹಿಂದಕ್ಕೆ ಕೊಟ್ಟಿಲ್ಲ. ಬ್ಯಾಗು ಮಾಡುವ ದೊಡ್ಡ ಕಂಪನಿಗಳವರಲ್ಲಿ ನನ್ನದೊಂದೇ ವಿನಂತಿ: ನಿಮ್ಮ ವಿನ್ಯಾಸಕಾರರನ್ನು ಒಮ್ಮೆ ಸಾಗರದಾಚೆಗೆ ಕಳುಹಿಸಿ, ಟಿಕೆಟ್ ಮಾತ್ರ ನಡುವಿನ ಸೀಟಿನದೇ ತೆಗೆಸಿ.