ಜೋಡುಕರೆಗಳ ನಾಡಿನಲ್ಲಿ

ನೇತ್ರಾವತಿಯ ದಡದ ಬಂಟ್ವಾಳದಿಂದ ಉತ್ತರಕ್ಕೆ ಹೊರಟ ಪ್ರವಾಸಿಗೆ ಮೊದಲು ಹೊಕ್ಕಾಡಿಗೋಳಿ, ಮುಂದೆ ಬೆಳ್ತಂಗಡಿ ತಾಲೂಕಿನ ವೇಣೂರು, ಪಶ್ಚಿಮಕ್ಕೆ ತಿರುಗಿದರೆ ಮೂಡುಬಿದಿರೆಯ ಕಡಲಕೆರೆ ಎದುರಾಗುತ್ತವೆ. ಮೂರೂ ಕಂಬಳದ ಜೋಡುಕರೆಗಳಿಗೆ ಹೆಸರಾದ ತಾಣಗಳು. ಚಳಿಗಾಲ ಬಂತೆಂದರೆ ಇಲ್ಲಿ ಹಗಲಿರುಳೂ ಕೋಣಗಳ ಓಟ.

2020ರ ಫೆಬ್ರವರಿಯಲ್ಲಿ, ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ನೆರೆಯ ಐಕಳದ ಕರೆಯಲ್ಲಿ 142.5 ಮೀಟರುಗಳನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಕಟ್ಟಡದ ಕೂಲಿಯಿಂದ ಬಾಳುತ್ತಿದ್ದ ಅವರನ್ನು ಜಗತ್ತು ಉಸೇನ್ ಬೋಲ್ಟರಿಗೆ ಹೋಲಿಸಿತು. ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು ಆ ವೇಗವನ್ನೂ ಮೀರಿದರು. ಕೇಂದ್ರದ ಕ್ರೀಡಾ ಪ್ರಾಧಿಕಾರ ಪರೀಕ್ಷೆಗೆ ಕರೆದಾಗ ಗೌಡರು ಒಪ್ಪಲಿಲ್ಲ: ಕಂಬಳದಲ್ಲಿ ಹಿಮ್ಮಡಿಯ ಓಟ, ಮೈದಾನದಲ್ಲಿ ತುದಿಗಾಲಿನ ಓಟ, ಇಲ್ಲಿ ಕೋಣಗಳಿಗೂ ಪಾಲುಂಟು!

2023ರ ನವೆಂಬರಿನಲ್ಲಿ ಕಂಬಳ ಬೆಂಗಳೂರಿನ ಅರಮನೆ ಮೈದಾನವನ್ನೂ ಸೇರಿತು. ಪ್ರಚಾರಕ್ಕೆ, ಪ್ರಾಯೋಜಕರಿಗೆ ಅದೊಂದು ಹೊಸ ಪೇಟೆ. ಆದರೆ ಕರೆಯ ಲೆಕ್ಕ ಬೇರೆ. ಕೋಣಗಳನ್ನು ವರ್ಷವಿಡೀ ಸಾಕಿ, ತಂಡವನ್ನು ಮುನ್ನಡೆಸುವವರು ಯಜಮಾನರು. ಫಲಿತಾಂಶದಲ್ಲಿ ಅವರ ಹೆಸರಿನೊಡನೆ ಓಡಿಸಿದವರ ಹೆಸರೂ ಮೊಳಗುತ್ತದೆ. ಋತು ಮುಗಿದು ಕರೆ ಬರಿದಾದಾಗ, ಆ ಎರಡನೆಯ ಹೆಸರಿನ ಮನೆಯಲ್ಲಿ ಒಲೆ ಉರಿಯಬೇಕು. ಕೀರ್ತಿಯನ್ನು ಮಾರಬಲ್ಲವರು ಮರೆಯಬಾರದ ಮಾತಿದು.