ಸಂಬಳದ ಚೀಟಿಯ ತೊಂಬತ್ತು ರೂಪಾಯಿ

ಮಾತೆ ಮರಿಯಮ್ಮನವರು ಎಲಿಜಬೇತಮ್ಮನ ಮನೆಯಲ್ಲಿ ಸುಮಾರು ಮೂರು ತಿಂಗಳು ಇದ್ದರೆಂದು ಸಂತ ಲೂಕರು ಬರೆದಿದ್ದಾರೆ. ಬಸುರಿಗೆ ಆಸರೆಯಾದ ಆ ಮೂರು ತಿಂಗಳ ಕೂಲಿಯನ್ನು ಯಾರೂ ಲೆಕ್ಕ ಹಾಕಲಿಲ್ಲ. ಇಂದು ದುಡಿಯುವ ಹೆಣ್ಣುಮಗಳು ಆ ಲೆಕ್ಕ ಹಾಕದೆ ಇರಲಾರಳು.

ದುಧನಿಯ ನನ್ನ ತಂಗಿಯ ಮಗಳಿಗೆ ಸೋಲಾಪುರದ ಟವೆಲ್ ಕಾರ್ಖಾನೆಯೊಂದರಲ್ಲಿ ಹೊಲಿಗೆಯ ಕೆಲಸ. 2022ರಲ್ಲಿ ಸಂಬಳದ ಚೀಟಿ ತೋರಿಸಿ ಕೇಳಿದಳು: "ದೊಡ್ಡವ್ವ, ಇ.ಎಸ್.ಐ. ಅಂತ ತೊಂಬತ್ತು ರೂಪಾಯಿ ಕಡಿತಾರ. ನಾ ದವಾಖಾನಿಗಿ ಹೋಗೂದ ಇಲ್ಲ, ಬಿಡಸಲೇನು?"

ಬೇಡವೇ ಬೇಡ ಎಂದೆ. 12,000 ರೂಪಾಯಿ ಸಂಬಳಕ್ಕೆ ಅವಳ ವಂತಿಗೆ ನೂರಕ್ಕೆ ಮುಕ್ಕಾಲು, ಅಂದರೆ 90. ಮಾಲೀಕನದು ಮೂರೂಕಾಲು, ಅಂದರೆ 390. 2019ರ ಜುಲೈಗೆ ಮುಂಚೆ ಇದೇ ಸಂಬಳಕ್ಕೆ 210 ಮತ್ತು 570 ಆಗುತ್ತಿತ್ತು. ವಂತಿಗೆ ಇಳಿಯಿತು, ಹೆರಿಗೆ ರಜೆ ಮಾತ್ರ 2017ರಲ್ಲೇ 12 ವಾರದಿಂದ 26 ವಾರಕ್ಕೆ ಏರಿತ್ತು, ಮೊದಲ ಎರಡು ಮಕ್ಕಳಿಗೆ, ಪೂರ್ತಿ ಸಂಬಳದೊಂದಿಗೆ.

ಆದರೆ ಅದಕ್ಕೊಂದು ಶರತ್ತಿದೆ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ, ಅಂದರೆ ಒಂದು ವರ್ಷದಲ್ಲಿ, 70 ದಿನಗಳ ವಂತಿಗೆ ಇರಬೇಕು. ಹಿಂದಿನ ಅಕ್ಟೋಬರ್‌ನಿಂದ ಇವಳಿಗೆ ಕೆಲಸವಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದುಡಿದಿದ್ದಳು. 2023ರ ಫೆಬ್ರವರಿಯಲ್ಲಿ ಹೆರಿಗೆ. ವಿಚಾರಿಸಿದರೆ 52 ದಿನ ಮಾತ್ರ ದಾಖಲಾಗಿತ್ತು! ನಾಲ್ಕು ತಿಂಗಳೂ ಹಣ ಕಡಿದ ಗುತ್ತಿಗೆದಾರ ಎರಡೇ ತಿಂಗಳದ್ದು ಕಟ್ಟಿದ್ದ. ಪುಣ್ಯಕ್ಕೆ ಹುಡುಗಿ ನಾಲ್ಕೂ ಚೀಟಿಗಳನ್ನು ಬೈಬಲ್ಲಿನೊಳಗೆ ಇಟ್ಟಿದ್ದಳು. ಅವನ್ನು ಹಿಡಿದು ತುಂಬು ಬಸುರಿ ಎರಡು ಸಲ ಕಚೇರಿಗೆ ಅಲೆದ ಮೇಲೆ ಬಾಕಿ ಕಟ್ಟಿಸಿದರು. ಆ ಹಣ ಬರದಿದ್ದರೆ ತಿಂಗಳೊಪ್ಪತ್ತಿನಲ್ಲಿ ಕೂಸನ್ನು ಬಿಟ್ಟು ಯಂತ್ರದ ಮುಂದೆ ಕೂರಬೇಕಿತ್ತು.

ಸೋಲಾಪುರಕ್ಕೆ ಈ ಮಾತು ಹೊಸದಲ್ಲ. ಮುಂಬಯಿ ಪ್ರಾಂತದ ಹೆರಿಗೆ ಭತ್ಯೆ ಕಾನೂನು ಬಂದದ್ದು 1929ರಲ್ಲಿ. ಹಿಂದಿನ ವರ್ಷ ಶಾಸನಸಭೆಯಲ್ಲಿ ಅದನ್ನು ಬೆಂಬಲಿಸಿದ ಡಾ. ಅಂಬೇಡ್ಕರರು, ಈ ಹೊರೆಯಲ್ಲಿ ಸರ್ಕಾರಕ್ಕೂ ಪಾಲಿರಬೇಕೆಂದಿದ್ದರು. ಎಷ್ಟು ದೂರದ ದೃಷ್ಟಿ! ಎಲ್ಲವೂ ಮಾಲೀಕನೊಬ್ಬನ ತಲೆಗೆ ಬಂದರೆ ಅವನು ಹೆಂಗಸರನ್ನು ಕೆಲಸಕ್ಕೆ ಕರೆಯುವುದನ್ನೇ ಬಿಟ್ಟಾನು. ವಂತಿಗೆಯಲ್ಲಿ ಗಂಡಸರ ದುಡ್ಡೂ ಸೇರುತ್ತದೆ. ಅದೇ ನನಗೆ ಮೆಚ್ಚಿಗೆ.

ನಮ್ಮ ದುಧನಿಯ ಅಡತಿಗಳಲ್ಲಿ ತೊಗರಿ ಹಸನು ಮಾಡುವ ಹೆಂಗಸರಿಗೆ ಚೀಟಿಯೂ ಇಲ್ಲ, ವಂತಿಗೆಯೂ ಇಲ್ಲ. ಅವರಿಗಿರುವುದು ಮಾತೃವಂದನಾ ಯೋಜನೆ: ಮೊದಲ ಹೆರಿಗೆಗೆ 5,000 ರೂಪಾಯಿ, 2022ರಿಂದ ಎರಡನೆಯದು ಹೆಣ್ಣಾದರೆ 6,000. ಆರು ತಿಂಗಳಿಗೆ ಅದು ಯಾವ ಮೂಲೆಗೆ? ಆದರೂ ಬಿಡಬಾರದು. ಹೆರಿಗೆಯಾಗಿ ಇಪ್ಪತ್ತು ದಿನಕ್ಕೇ ಮರ ಹಿಡಿದು ಕುಳಿತಿದ್ದ ಒಬ್ಬಳನ್ನು ಕೇಳಿದೆ. ಅಂಗನವಾಡಿಯಲ್ಲಿ ಹೆಸರನ್ನೇ ಬರೆಸಿರಲಿಲ್ಲ. ಮರುದಿನ ಆಧಾರ್ ಕಾರ್ಡು, ಪಾಸ್‌ಬುಕ್ಕು ತೆಗೆದುಕೊಂಡು ನಾವಿಬ್ಬರೂ ಹೋದೆವು.